ಫಾರ್ಮ್ಯಾಟ್ ಮಾಡ್ಬಿಡು ಅನ್ನೋ ಮೊದಲು

ನಮ್ಮ ಹಾಸ್ಟೆಲಲ್ಲಿ ಯಾರದ್ದೇ ಲ್ಯಾಪ್‌ಟಾಪ್ ಆನ್ ಆಗದೇ ಹೋದ್ರೂ ಮೊದಲು ಸಿಗೋ ಸಲಹೆ ಒಂದೇ: "ಫಾರ್ಮ್ಯಾಟ್ ಮಾಡ್ಬಿಡು ಮಗಾ." ಸ್ಲೋ ಆಗಿದ್ರೂ ಫಾರ್ಮ್ಯಾಟ್, ವೈಫೈ ಸಿಗದಿದ್ರೂ ಫಾರ್ಮ್ಯಾಟ್, ಕಪ್ಪು ಸ್ಕ್ರೀನ್ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ ಕಂಡ್ರೂ ಫಾರ್ಮ್ಯಾಟ್. ಹಳೇ ಕಾಲದ ಕಾಂಪೌಂಡರ್ ಎಲ್ಲಾ ಕಾಯಿಲೆಗೂ ಅದೇ ಕೆಂಪು ಔಷಧಿಯನ್ನ ಬಾಟಲಿಗೆ ಹೊಯ್ದು ಕೊಡ್ತಿದ್ದ ಹಾಗೆ. ಆ ಕೆಂಪು ಔಷಧಿಯಿಂದ ಕೊನೇಪಕ್ಷ ಯಾರ ನೆನಪೂ ಅಳಿಸಿ ಹೋಗ್ತಿರಲಿಲ್ಲ.

ಈ ಬರಹ ಒಂದು ನಿರ್ದಿಷ್ಟ ಸಂದರ್ಭದ ಬಗ್ಗೆ. ಲ್ಯಾಪ್‌ಟಾಪಲ್ಲಿ ವಿಂಡೋಸ್ ಜೊತೆಗೆ ಉಬುಂಟು ಇತ್ತು. ಬೇಡ ಅಂತ ಉಬುಂಟು ತೆಗೆದ್ರು. ರೀಸ್ಟಾರ್ಟ್ ಮಾಡಿದ್ರೆ ವಿಂಡೋಸೂ ಬರ್ತಾ ಇಲ್ಲ. ಸೆಮಿಸ್ಟರ್ ರಜೆ ಮುಗಿದ ಮೊದಲ ವಾರದಲ್ಲಿ ಇಂಥ ಎರಡೋ ಮೂರೋ ಲ್ಯಾಪ್‌ಟಾಪ್‌ಗಳು ನಮ್ಮ ರೂಮಿನ ಬಾಗಿಲಿಗೆ ಬಂದೇ ಬರ್ತವೆ. ನಾವು ಹೇಳೋದು ಎರಡು ಮಾತು. ಈ ಸ್ಥಿತಿಯಲ್ಲಿ ಫಾರ್ಮ್ಯಾಟ್ ಅನ್ನೋದು ಬರೀ ಸೋಮಾರಿ ಸಲಹೆ. ಮತ್ತೆ, ಲಿನಕ್ಸ್ ಹಾಕಿಕೊಡೋಕೆ ಉತ್ಸಾಹದಿಂದ ಬರೋರು ಅದನ್ನ ತೆಗೆಯೋದು ಹೇಗೆ ಅಂತಲೂ ಅದೇ ದಿನ ಹೇಳಿಕೊಡಬೇಕು.

ಎರಡನೇ ಮಾತಿನಿಂದಲೇ ಶುರು ಮಾಡ್ತೀವಿ. ಇನ್‌ಸ್ಟಾಲ್ ಫೆಸ್ಟ್ ಅಂತ ಮಾಡ್ತಾರಲ್ಲ, ಆಡಿಟೋರಿಯಂ ತುಂಬಾ ಜೂನಿಯರ್‌ಗಳು, ಕೈಗೆ ಕೈಗೆ ಪೆನ್‌ಡ್ರೈವ್, ಸಂಜೆ ಹೊತ್ತಿಗೆ ಎಲ್ಲರ ಸ್ಕ್ರೀನ್ ಮೇಲೂ ಹೊಸ ವಾಲ್‌ಪೇಪರ್. ಒಳ್ಳೇ ಕೆಲಸ, ನಮಗೇನೂ ತಕರಾರಿಲ್ಲ. ಆದ್ರೆ ಇಷ್ಟು ವರ್ಷದಲ್ಲಿ ಯಾರಾದ್ರೂ ಅನ್‌ಇನ್‌ಸ್ಟಾಲ್ ಫೆಸ್ಟ್ ಮಾಡಿದ್ದು ಕೇಳಿದ್ದೀರಾ? ಚಕ್ರವ್ಯೂಹಕ್ಕೆ ನುಗ್ಗೋದು ಗೊತ್ತಿದ್ದು ಹೊರಗೆ ಬರೋದು ಗೊತ್ತಿಲ್ಲದ ಅಭಿಮನ್ಯುವಿಗೆ ಅಪ್ಪ ಪೂರ್ತಿ ಕಥೆ ಹೇಳೋ ಹೊತ್ತಿಗೆ ಅಮ್ಮನಿಗೆ ನಿದ್ದೆ ಬಂದಿತ್ತು ಅನ್ನೋ ಕಾರಣ ಇತ್ತು. ನಮ್ಮ ಸೀನಿಯರ್‌ಗಳಿಗೆ ಆ ಕಾರಣವೂ ಇಲ್ಲ.

ತೆಗೆಯೋದು ಯಾಕೆ ಅಂತ ಕೇಳಬೇಡಿ. ಮೂರನೇ ಸೆಮ್ ಆಪರೇಟಿಂಗ್ ಸಿಸ್ಟಂ ಲ್ಯಾಬಿಗೆ ಅಂತ ಹಾಕಿಸ್ಕೊಂಡಿರ್ತಾರೆ. ಲ್ಯಾಬ್ ಮುಗೀತು, 256 ಜಿಬಿ ಎಸ್‌ಎಸ್‌ಡಿಯಲ್ಲಿ 60 ಜಿಬಿ ಉಬುಂಟು ಹಿಡ್ಕೊಂಡಿದೆ, ಮೆಕ್ಯಾನಿಕಲ್ ಹುಡುಗನಿಗೆ ಕ್ಯಾಡ್ ಸಾಫ್ಟ್‌ವೇರ್ ಬೇಕು, ಇನ್ನೊಬ್ಬನಿಗೆ ಗೇಮ್ ಬೇಕು. ಜಾಗ ಬೇಕಾದವರು ಜಾಗ ಮಾಡ್ಕೋತಾರೆ, ಅದರಲ್ಲಿ ತಪ್ಪೇನಿಲ್ಲ. ವಿಂಡೋಸ್ ಒಳಗಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೀತಾರೆ, ಉಬುಂಟು ಇರೋ ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್, ಡಿಲೀಟ್. ಕೆಲಸ ಮುಗೀತು ಅನ್ಕೋತಾರೆ. ಮಾರನೇ ದಿನ ಬೆಳಿಗ್ಗೆ ಪವರ್ ಬಟನ್ ಒತ್ತಿದ್ರೆ ಕಪ್ಪು ಪರದೆ, ಮೂಲೆಯಲ್ಲಿ 'ಗ್ರಬ್' ಅನ್ನೋ ಪದ, ಪಕ್ಕದಲ್ಲಿ ಮಿಣುಕ್ ಮಿಣುಕ್ ಅನ್ನೋ ಕರ್ಸರ್. ಕೆಲವು ಯಂತ್ರಗಳಲ್ಲಿ 'ನೋ ಸಚ್ ಪಾರ್ಟಿಷನ್' ಅಂತ ಬೈದು, ಆಮೇಲೆ 'ಗ್ರಬ್ ರೆಸ್ಕ್ಯೂ' ಅಂತ ನಿಂತಿರುತ್ತೆ. ರೆಸ್ಕ್ಯೂ ಅಂದ್ರೆ ಕಾಪಾಡೋದು ಅಂತ ಅರ್ಥ. ಓದಿದವರಿಗೆ ಮಾತ್ರ ಮುಳುಗಿದ ಹಾಗೇ ಅನ್ಸುತ್ತೆ.

ಇಲ್ಲಿ ನಡೆದಿದ್ದೇನು? ಪವರ್ ಬಟನ್ ಒತ್ತಿದ ತಕ್ಷಣ ಎಚ್ಚರ ಆಗೋದು ವಿಂಡೋಸೂ ಅಲ್ಲ, ಉಬುಂಟೂ ಅಲ್ಲ. ಮದರ್‌ಬೋರ್ಡ್ ಮೇಲಿನ ಚಿಪ್‌ನಲ್ಲಿರೋ ಫರ್ಮ್‌ವೇರ್. ಹಳೇ ಯಂತ್ರಗಳಲ್ಲಿ ಅದರ ಹೆಸರು ಬಯೋಸ್, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಯುಇಎಫ್‌ಐ. ಬಾಯಿ ಮಾತಲ್ಲಿ ಎರಡಕ್ಕೂ ನಾವು ಬಯೋಸ್ ಅಂತಲೇ ಅಂತೀವಿ, ಇರಲಿ. ಈ ಯುಇಎಫ್‌ಐ ಹತ್ರ ಒಂದು ಪಟ್ಟಿ ಇರುತ್ತೆ: ಮೊದಲು ಯಾರನ್ನ ಕರೀಬೇಕು, ಆಮೇಲೆ ಯಾರನ್ನ. ಉಬುಂಟು ಹಾಕಿದಾಗ ಆ ಪಟ್ಟಿಯಲ್ಲಿ ತನ್ನ ಹೆಸರನ್ನ ಎಲ್ಲರಿಗಿಂತ ಮೇಲೆ ಬರೆಸ್ಕೊಂಡಿರುತ್ತೆ. ಕೆಳಗೆ 'ವಿಂಡೋಸ್ ಬೂಟ್ ಮ್ಯಾನೇಜರ್' ತನ್ನ ಪಾಡಿಗೆ ತಾನು ಇರುತ್ತೆ.

ಡಿಸ್ಕಿನಲ್ಲಿ ಇಎಫ್‌ಐ ಸಿಸ್ಟಂ ಪಾರ್ಟಿಷನ್ ಅಂತ ಒಂದು ಸಣ್ಣ ಜಾಗ ಇದೆ, ಕೆಲವು ನೂರು ಎಂಬಿ ಅಷ್ಟೇ. ಅದರೊಳಗೆ ಮೈಕ್ರೋಸಾಫ್ಟ್ ಹೆಸರಿನ ಒಂದು ಫೋಲ್ಡರ್, ಉಬುಂಟು ಹೆಸರಿನ ಒಂದು ಫೋಲ್ಡರ್. ಉಬುಂಟು ಫೋಲ್ಡರ್‌ನಲ್ಲಿ ಕೂತಿರೋನೇ ಈ ಗ್ರಬ್. ಅವನ ಕೈಯಲ್ಲಿ ಒಂದು ಚೀಟಿ: "ಉಳಿದ ಸಾಮಾನೆಲ್ಲ ಇಂಥ ನಂಬರಿನ ಪಾರ್ಟಿಷನ್‌ನಲ್ಲಿದೆ, ಅಲ್ಲಿಗೆ ಹೋಗು." ಡಿಲೀಟ್ ಮಾಡಿದ್ದು ಆ ಪಾರ್ಟಿಷನ್ನ. ಚೀಟಿ ಹಿಡಿದ ಗ್ರಬ್ ಹಾಗೇ ಉಳಿದ. ಕೆಡವಿದ ಮನೆಯ ವಿಳಾಸ ಹಿಡ್ಕೊಂಡು ಖಾಲಿ ಸೈಟಿನ ಮುಂದೆ ನಿಂತ ಅಂಚೆಯಣ್ಣನ ಹಾಗೆ. ಪಕ್ಕದಲ್ಲೇ ವಿಂಡೋಸ್ ಮನೆ ಇದೆ, ದೀಪ ಉರೀತಿದೆ, ನಿಮ್ಮ ಫೋಟೋ, ರೆಕಾರ್ಡ್, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಒಳಗೆ ಬೆಚ್ಚಗಿವೆ. ಇಷ್ಟಕ್ಕೆ ಇಡೀ ಬೀದಿಯನ್ನ ನೆಲಸಮ ಮಾಡೋದಕ್ಕೆ ನಾವು ಫಾರ್ಮ್ಯಾಟ್ ಅಂತೀವಿ.

ಪರಿಹಾರ ಕೇಳಿದ್ರೆ ನಗು ಬರುತ್ತೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಮತ್ತೆ ಆನ್ ಮಾಡ್ತಾ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಬರೋ ಪಟ್ಟಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಆರಿಸಿ, ಎಂಟರ್. ಹೆಚ್ಚಿನ ಸಲ ಅಷ್ಟೇ. ವಿಂಡೋಸ್ ಏನೂ ಆಗೇ ಇಲ್ಲ ಅನ್ನೋ ಹಾಗೆ ಎದ್ದು ಬರುತ್ತೆ. ಬೂಟ್ ಮೆನು ಕೀ ನೆನಪಿಲ್ಲದಿದ್ರೆ ಆ ಗ್ರಬ್ ಪರದೆಯಲ್ಲೇ ಇಂಗ್ಲಿಷಿನಲ್ಲಿ 'ಎಕ್ಸಿಟ್' ಅಂತ ಟೈಪ್ ಮಾಡಿ ಎಂಟರ್ ಒತ್ತಿ ನೋಡಿ. ಗ್ರಬ್ ಕೈ ಚೆಲ್ಲಿ ಫರ್ಮ್‌ವೇರ್‌ಗೆ ವಾಪಸ್ ಒಪ್ಪಿಸುತ್ತೆ, ಅದು ಬಹಳ ಸಲ ಪಟ್ಟಿಯಲ್ಲಿ ಮುಂದಿನವನನ್ನ ಕರೆಯುತ್ತೆ. ಒಳಗೆ ಬಂದ ಮೇಲೆ ಫರ್ಮ್‌ವೇರ್ ಸೆಟ್ಟಿಂಗ್ಸ್‌ಗೆ ಹೋಗಿ ಬೂಟ್ ಆರ್ಡರ್‌ನಲ್ಲಿ ವಿಂಡೋಸನ್ನ ಮೇಲಕ್ಕೆ ತಂದು ಸೇವ್ ಮಾಡಿ. ಐದು ನಿಮಿಷದ ಕೆಲಸ. ಪೆನ್‌ಡ್ರೈವ್ ಬೇಡ, ಇಂಟರ್ನೆಟ್ ಬೇಡ, ಸೀನಿಯರೂ ಬೇಡ.

ಈ ಐದು ನಿಮಿಷ ಗೊತ್ತಿಲ್ಲದೇ ಹೋದ್ರೆ ಏನಾಗುತ್ತೆ ಅನ್ನೋದನ್ನ ನಾವು ಕಣ್ಣಾರೆ ನೋಡಿದ್ದೀವಿ. ಇಸಿ ಬ್ರಾಂಚಿನ ಒಬ್ಬ ಹುಡುಗ, ಹಾವೇರಿ ಕಡೆಯವನು, ಇದೇ ಗ್ರಬ್ ಪರದೆ ನೋಡಿ ಹೆದರಿ ಊರಿನ ಹತ್ರದ ಒಂದು ಅಂಗಡಿಗೆ ಒಯ್ದ. ಅಂಗಡಿಯವರು "ವಿಂಡೋಸ್ ಹೋಗಿದೆ" ಅಂದ್ರು, ಫಾರ್ಮ್ಯಾಟ್ ಮಾಡಿದ್ರು, ದುಡ್ಡು ತಗೊಂಡ್ರು, ಲ್ಯಾಪ್‌ಟಾಪ್ ಕೊಟ್ರು. ಡೆಸ್ಕ್‌ಟಾಪ್ ಮೇಲೆ ಅವನ ಅಕ್ಕನ ಮದುವೆ ಫೋಟೋ ಇತ್ತು. ಮೆಮೊರಿ ಕಾರ್ಡನ್ನ ಆಗಲೇ ಖಾಲಿ ಮಾಡಿ ಬೇರೆಯವರಿಗೆ ಕೊಟ್ಟಾಗಿತ್ತು. ನಮ್ಮ ಹತ್ರ ಬಂದು "ಅಣ್ಣಾ, ಏನಾದ್ರೂ ಮಾಡೋಕಾಗುತ್ತಾ?" ಅಂತ ಕೇಳಿದ. ಆ ಹೊತ್ತಿಗೆ ಮಾಡೋಕೆ ಏನೂ ಉಳಿದಿರಲಿಲ್ಲ.

ಯಾಕೆ ಉಳಿದಿರಲಿಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ "ಫಾರ್ಮ್ಯಾಟ್ ಆದ್ರೇನು, ರಿಕವರಿ ಸಾಫ್ಟ್‌ವೇರ್ ಇದೆಯಲ್ಲ" ಅನ್ನೋ ಧೈರ್ಯ ಬಹಳ ಜನಕ್ಕಿದೆ. ಅದು ಹಳೇ ಹಾರ್ಡ್ ಡಿಸ್ಕ್ ಕಾಲದ ಧೈರ್ಯ. ಅಲ್ಲಿ ಕ್ವಿಕ್ ಫಾರ್ಮ್ಯಾಟ್ ಅಂದ್ರೆ ಪುಸ್ತಕದ ಪರಿವಿಡಿ ಹರಿದು ಹಾಕಿದ ಹಾಗೆ, ಪುಟಗಳು ಹಾಗೇ ಇರ್ತಿದ್ವು. ಟೆಸ್ಟ್‌ಡಿಸ್ಕ್, ಫೋಟೋರೆಕ್ ಥರದ ಉಚಿತ ತಂತ್ರಾಂಶಗಳು ಆ ಪುಟಗಳನ್ನ ಹುಡುಕಿ ಕೊಡ್ತಿದ್ವು, ಈಗಲೂ ಕೊಡ್ತವೆ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ 'ಈ ಜಾಗ ಇನ್ನು ಬೇಡ' ಅಂತ ಡಿಸ್ಕಿಗೆ ಹೇಳುತ್ತೆ, ಅದಕ್ಕೆ ಟ್ರಿಮ್ ಅಂತಾರೆ. ಡಿಸ್ಕ್ ತನ್ನ ಬಿಡುವಿನಲ್ಲಿ ಆ ಜಾಗವನ್ನ ನಿಜವಾಗಿಯೂ ತೊಳೆದು ಇಡುತ್ತೆ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ಓಡಿಸಿದ್ರೂ ಬರೋದು ಸೊನ್ನೆ. ನಮ್ಮ ಅಣ್ಣಂದಿರ ಕಾಲದಲ್ಲಿ ನಡೀತಿದ್ದ ಸಲಹೆ ನಮ್ಮ ಲ್ಯಾಪ್‌ಟಾಪಿಗೆ ನಡೆಯಲ್ಲ.

ಹಳೇ ಸಲಹೆಯ ಕಾಟ ಇಲ್ಲಿಗೇ ಮುಗಿಯಲ್ಲ. ಯೂಟ್ಯೂಬ್‌ನಲ್ಲಿ ಈ ಸಮಸ್ಯೆ ಹುಡುಕಿದ್ರೆ ಸಿಗೋ ವಿಡಿಯೋಗಳಲ್ಲಿ ಬಹುಪಾಲು 'ಬೂಟ್‌ರೆಕ್' ಅನ್ನೋ ಕಮಾಂಡ್ ಹೇಳಿಕೊಡ್ತವೆ, ಅದರ ಮುಂದೆ 'ಫಿಕ್ಸ್ ಎಂಬಿಆರ್'. ಎಂಬಿಆರ್ ಅಂದ್ರೆ ಡಿಸ್ಕಿನ ಮೊಟ್ಟಮೊದಲ 512 ಬೈಟು. ಅದರಲ್ಲಿ ಬೂಟ್ ಕೋಡಿಗೆ ಸಿಗೋದು 446 ಬೈಟು ಮಾತ್ರ, ಉಳಿದಿದ್ದು ಪಾರ್ಟಿಷನ್ ಪಟ್ಟಿ ಮತ್ತು ಕೊನೆಯ ಎರಡು ಬೈಟಿನ ಗುರುತು. ನಮ್ಮ ಲ್ಯಾಬಿನ ಹಳೇ ಡೆಸ್ಕ್‌ಟಾಪ್‌ಗಳು ಇನ್ನೂ ಹೀಗೇ ಶುರುವಾಗೋದು. ಅವಕ್ಕೆ ಆ ಕಮಾಂಡ್ ಸರಿಯಾದ ಮದ್ದು. ಗ್ರಬ್‌ನ ಕೋಡ್ ಕೂತ ಜಾಗದಲ್ಲಿ ವಿಂಡೋಸ್ ಕೋಡನ್ನ ವಾಪಸ್ ಬರೆಯುತ್ತೆ. ಯುಇಎಫ್‌ಐ ಲ್ಯಾಪ್‌ಟಾಪ್‌ನಲ್ಲಿ ಶುರುವಾಗೋ ದಾರಿಯೇ ಬೇರೆ, ಅಲ್ಲಿ ಆ 446 ಬೈಟನ್ನ ಯಾರೂ ಓದಲ್ಲ. ಅಲ್ಲಿ ಅದನ್ನ ಎಷ್ಟು ಸಲ ಓಡಿಸಿದ್ರೂ 'ಯಶಸ್ವಿಯಾಗಿದೆ' ಅಂತ ಬರುತ್ತೆ, ಯಂತ್ರ ಮಾತ್ರ ಏಳಲ್ಲ. ಮುಂದಿನ ಕಮಾಂಡ್ 'ಫಿಕ್ಸ್ ಬೂಟ್' ಎಷ್ಟೋ ಯಂತ್ರಗಳಲ್ಲಿ 'ಆಕ್ಸೆಸ್ ಡಿನೈಡ್' ಅನ್ನುತ್ತೆ. ಅಲ್ಲಿಗೆ ಹುಡುಗನ ಧೈರ್ಯ ಮುಗಿಯುತ್ತೆ, ಫಾರ್ಮ್ಯಾಟ್ ಶುರು.

ನಿಜವಾಗಿ ಕಷ್ಟ ಕೊಡೋ ಸಂದರ್ಭ ಬೇರೆ ಇದೆ. ಕೆಲವರು ಶುಚಿ ಮಾಡೋ ಉತ್ಸಾಹದಲ್ಲಿ ಆ ಸಣ್ಣ ಇಎಫ್‌ಐ ಪಾರ್ಟಿಷನ್ನೂ ಉಬುಂಟುವಿನದೇ ಇರ್ಬೇಕು ಅಂದ್ಕೊಂಡು ಅಳಿಸ್ತಾರೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಅದಕ್ಕೆ ಬಿಡಲ್ಲ, ಒಳ್ಳೇದು. ಆದ್ರೆ ಡಿಸ್ಕ್‌ಪಾರ್ಟ್ ಕಮಾಂಡ್ ಗೊತ್ತಿರೋ ಜಾಣರನ್ನ ತಡೆಯೋರು ಯಾರು? ಆಗ ಎಫ್12 ಒತ್ತಿದ್ರೂ ಪಟ್ಟಿಯಲ್ಲಿರೋ ವಿಂಡೋಸ್ ಹೆಸರಿಂದ ಏನೂ ಆಗಲ್ಲ, ಆ ಹೆಸರು ತೋರಿಸ್ತಿದ್ದ ಫೈಲೇ ಇಲ್ಲವಲ್ಲ. ಆಗಲೂ ಸಿ ಡ್ರೈವ್ ಸುರಕ್ಷಿತವಾಗೇ ಇರುತ್ತೆ. ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ರಿಪೇರ್ ಅನ್ನೋ ಕಡೆ ಹೋಗಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಎಫ್‌ಐ ಪಾರ್ಟಿಷನ್ನ ಮತ್ತೆ ಮಾಡಿ, 'ಬಿಸಿಡಿಬೂಟ್' ಅನ್ನೋ ಕಮಾಂಡಿನಿಂದ ಬೂಟ್ ಫೈಲ್‌ಗಳನ್ನ ಮರಳಿ ತುಂಬಬಹುದು. ಇದು ಗೊತ್ತಿರೋರ ಜೊತೆ ಕೂತು ಮಾಡೋ ಕೆಲಸ. ಅದಕ್ಕೂ ಮೊದಲು ಉಬುಂಟು ಪೆನ್‌ಡ್ರೈವ್‌ನಲ್ಲಿ 'ಟ್ರೈ ಉಬುಂಟು' ಆರಿಸಿ, ಡಿಸ್ಕಿಗೆ ಏನೂ ಹಾಕದೇ, ನಿಮ್ಮ ಫೈಲ್‌ಗಳನ್ನ ಬೇರೊಂದು ಡ್ರೈವಿಗೆ ನಕಲು ಮಾಡಿಕೊಳ್ಳಿ. ತಮಾಷೆ ನೋಡಿ, ಬೇಡ ಅಂತ ಓಡಿಸಿದ ಉಬುಂಟುವೇ ಬಂದು ಸಾಮಾನು ಎತ್ತಿ ಕೊಡ್ಬೇಕು.

ಇನ್ನು ನೀಲಿ ಪರದೆಯ ಬಿಟ್‌ಲಾಕರ್. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಸೈನ್ ಇನ್ ಆದ್ರೆ ಬಹಳ ಸಲ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರುತ್ತೆ, ನಿಮಗೆ ಗೊತ್ತೇ ಇರಲ್ಲ. ಬೂಟ್ ಆಗೋ ರೀತಿಯಲ್ಲಿ ಬದಲಾವಣೆ ಕಂಡ್ರೆ ಅದಕ್ಕೆ ಅನುಮಾನ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತೆ. ಕೀ ಇರೋದು ಆ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ, ಫೋನಿನಿಂದ ಲಾಗಿನ್ ಆಗಿ ನೋಡಬಹುದು. ತೊಂದರೆ ಏನಂದ್ರೆ, ಲ್ಯಾಪ್‌ಟಾಪ್ ತಗೊಂಡ ದಿನ ಆ ಅಕೌಂಟ್ ಮಾಡಿದ್ದು ಯಾರು? ಮಾವನ ಮಗ ತನ್ನ ಇಮೇಲ್ ಹಾಕಿರ್ತಾನೆ, ಇಲ್ಲಾ ಅಂಗಡಿಯ ಹುಡುಗ ಯಾವುದೋ ಒಂದು ಹೊಸ ಇಮೇಲ್ ಮಾಡಿ ಪಾಸ್‌ವರ್ಡ್ ಡಬ್ಬದ ಮೇಲೆ ಬರೆದಿರ್ತಾನೆ, ಡಬ್ಬ ಗುಜರಿಗೆ ಹೋಗಿರುತ್ತೆ. ಕೀ ಇಲ್ಲ ಅಂದ್ರೆ ನಾವೂ ಏನೂ ಮಾಡೋಕಾಗಲ್ಲ, ಯಾರೂ ಮಾಡೋಕಾಗಲ್ಲ. ಹಾಗಾಗಿ ಈ ಬರಹ ಓದ್ತಿರೋರು ಉಬುಂಟು ಹಾಕ್ತೀರೋ ತೆಗೀತೀರೋ ಅದು ಆಮೇಲಿನ ಮಾತು. ಈಗಲೇ ಆ ಕೀ ಹುಡುಕಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರ್ಕೊಳ್ಳಿ.

ಹಾಗಾದ್ರೆ ಫಾರ್ಮ್ಯಾಟೇ ಮಾಡಬಾರದಾ? ಹಾಗೇನೂ ಇಲ್ಲ. ಒಳಗೆ ಉಳಿಸಿಕೊಳ್ಳೋ ಅಂಥದ್ದು ಏನೂ ಇಲ್ಲ, ನಾಳೆ ಬೆಳಿಗ್ಗೆ ಲ್ಯಾಬ್ ಎಕ್ಸಾಮ್ ಇದೆ ಅಂದ್ರೆ ಮಾಡಿ ಮುಗಿಸಿ. ಹಾಗೇ, ಎರಡೂ ಓಎಸ್ ಅಳಿಸಿ ಕೂತವರಿಗೆ ಹೊಸದಾಗಿ ಹಾಕೋದು ಬಿಟ್ಟು ದಾರಿ ಇಲ್ಲ. ಅಂಥವರಿಗೆ ಎರಡು ಮಾತು. ವಿಂಡೋಸ್ ಸಮೇತ ಕೊಂಡ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಅದರ ಕೀ ಫರ್ಮ್‌ವೇರ್‌ನಲ್ಲೇ ಇರುತ್ತೆ. ಅದೇ ಎಡಿಷನ್ ಮತ್ತೆ ಹಾಕಿದ್ರೆ ತಾನಾಗೇ ಆಕ್ಟಿವೇಟ್ ಆಗುತ್ತೆ, ಕೀ ಅಂತ ಯಾರಿಗೂ ದುಡ್ಡು ಕೊಡಬೇಡಿ. ಇನ್ನೊಂದು, ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣಿಸ್ತಿಲ್ಲ ಅಂದ್ರೆ ಎಸ್‌ಎಸ್‌ಡಿ ಸತ್ತಿದೆ ಅಂತ ಎಸ್‌ಪಿ ರೋಡಿಗೆ ಬಸ್ ಹತ್ತಬೇಡಿ. ಇಂಟೆಲ್ 11ನೇ ತಲೆಮಾರಿನ ನಂತರದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನೋ ಸೆಟ್ಟಿಂಗ್ ಆನ್ ಇರುತ್ತೆ, ಅದರ ಡ್ರೈವರ್ ಕೊಡೋ ತನಕ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣಲ್ಲ. ಫರ್ಮ್‌ವೇರ್ ಪರದೆಯಲ್ಲಿ ಡಿಸ್ಕಿನ ಹೆಸರು ಕಾಣ್ತಿದ್ರೆ ಡಿಸ್ಕ್ ಬದುಕಿದೆ.

ಇಷ್ಟೆಲ್ಲ ರಗಳೆ ಯಾಕೆ, ಡ್ಯುಯಲ್ ಬೂಟನ್ನೇ ನಿಲ್ಲಿಸಿ, ಎಲ್ಲರೂ ಡಬ್ಲ್ಯುಎಸ್‌ಎಲ್ ಅಥವಾ ವರ್ಚುವಲ್‌ಬಾಕ್ಸ್ ಬಳಸಲಿ ಅನ್ನೋ ವಾದವನ್ನ ನಮ್ಮ ಮೇಷ್ಟ್ರುಗಳಲ್ಲೇ ಕೆಲವರು ಮಾಡ್ತಾರೆ. ಶೆಲ್ ಸ್ಕ್ರಿಪ್ಟ್, ಫೋರ್ಕ್ ಪ್ರೋಗ್ರಾಂ ಮಟ್ಟಿಗೆ ಡಬ್ಲ್ಯುಎಸ್‌ಎಲ್ ಸಾಕು, ಒಪ್ತೀವಿ. ಮೂರನೇ ಸೆಮ್‌ನ ಒಂದು ಲ್ಯಾಬಿಗೋಸ್ಕರ ಪಾರ್ಟಿಷನ್ ಕತ್ತರಿಸೋ ಅಗತ್ಯ ನಿಜಕ್ಕೂ ಇಲ್ಲ. ಆದ್ರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ಟಿಪಿಎಂ 2.0 ಇಲ್ಲದ ಹಳೇ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ. ಮನೆಯಲ್ಲಿರೋ ಅಣ್ಣನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕೋರು ಹೆಚ್ಚಾಗ್ತಾರೆ, ಹಾಕಿ ಬೇಡ ಅನ್ನೋರೂ ಹೆಚ್ಚಾಗ್ತಾರೆ. ಏನೂ ಮುಟ್ಟದೇ ಕೂತವರಿಗೂ ಈ ಗ್ರಹಚಾರ ಬರಬಹುದು. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ಹಲವು ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದ ಹಾಗೆ ಮಾಡಿತ್ತು. ಬಳಸಬೇಡಿ ಅಂದ ಮಾತ್ರಕ್ಕೆ ಸಮಸ್ಯೆ ತಪ್ಪಲ್ಲ.

ನಮಗೆ ನಿಜವಾಗಿ ಸಿಟ್ಟು ಬರೋದು ಇನ್ನೊಂದು ಕಾರಣಕ್ಕೆ. ನಾವು ಆಪರೇಟಿಂಗ್ ಸಿಸ್ಟಂ ಪೇಪರಿನಲ್ಲಿ ಬ್ಯಾಂಕರ್ಸ್ ಆಲ್ಗಾರಿದಂ ಲೆಕ್ಕ ಬಿಡಿಸ್ತೀವಿ, ಪೇಜ್ ರಿಪ್ಲೇಸ್‌ಮೆಂಟ್ ಟೇಬಲ್ ನಿದ್ದೆಯಲ್ಲೂ ಹಾಕ್ತೀವಿ. ಮುಖಪುಟದಲ್ಲಿ ಡೈನೋಸಾರ್ ಇರೋ ಆ ದಪ್ಪ ಪುಸ್ತಕದಲ್ಲಿ ಬೂಟ್ ಬಗ್ಗೆಯೂ ಒಂದು ಸಣ್ಣ ಭಾಗ ಇದೆ. ಅದನ್ನ "ಎಕ್ಸಾಮಿಗೆ ಬರಲ್ಲ" ಅಂತ ದಾಟಿಸಿ ಬಿಡ್ತಾರೆ. ಬೂಟ್ ಅನ್ನೋ ಪದ ಬಂದಿದ್ದೇ ಕಾಲಿನ ಬೂಟಿನಿಂದ, ತನ್ನ ಬೂಟಿನ ಪಟ್ಟಿ ತಾನೇ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳೋ ಅಸಾಧ್ಯ ಸಾಹಸದಿಂದ. ಯಂತ್ರ ಅದನ್ನ ದಿನಾ ಬೆಳಿಗ್ಗೆ ನಮ್ಮ ಕಣ್ಣೆದುರು ಮಾಡಿ ತೋರಿಸ್ತಿರುತ್ತೆ. ಕಂಪ್ಯೂಟರ್ ಸೈನ್ಸ್ ಪಾಸಾದ ಹುಡುಗನಿಗೆ ಪವರ್ ಬಟನ್ ಒತ್ತಿದ ಮೇಲಿನ ಹತ್ತು ಸೆಕೆಂಡಿನಲ್ಲಿ ಏನಾಗುತ್ತೆ ಅಂತ ಹೇಳೋಕೆ ಬರಲ್ಲ. ಲ್ಯಾಬಿನ ಮೂಲೆಯಲ್ಲಿ ಧೂಳು ಹಿಡಿದ ಎರಡು ಡೆಸ್ಕ್‌ಟಾಪ್ ಸಾಕು. ಎರಡು ಓಎಸ್ ಹಾಕಿಸಿ, ಒಂದನ್ನ ಅಳಿಸಿಸಿ, ಇನ್ನೊಂದನ್ನ ಎಬ್ಬಿಸಿ ಅಂತ ಒಂದೇ ಒಂದು ಕ್ಲಾಸ್ ಮಾಡಿದ್ರೆ ಆಯ್ತು. ಸಿಲಬಸ್ ಬದಲಾಯಿಸೋಕೆ ಬೆಳಗಾವಿಗೆ ಅರ್ಜಿ ಹಾಕೋ ಅಗತ್ಯವೂ ಇಲ್ಲ.

ಕನ್ನಡ ಮಾಧ್ಯಮದಿಂದ ಬಂದ ಮೊದಲ ವರ್ಷದವರನ್ನ ನೋಡಿದಾಗ ಇದು ಇನ್ನೂ ಕಾಡುತ್ತೆ. ಪರದೆ ಮೇಲಿನ ಇಂಗ್ಲಿಷ್ ಸಾಲು ಓದೋಕೆ ಬರುತ್ತೆ, ಆದ್ರೆ ಅದು ತನಗೆ ಹೇಳ್ತಿರೋ ಮಾತು ಅನ್ಸಲ್ಲ, ಬೈಗುಳ ಅನ್ಸುತ್ತೆ. 'ನೋ ಸಚ್ ಪಾರ್ಟಿಷನ್' ಅಂದ್ರೆ 'ನೀನು ಹೇಳಿದ ಮನೆ ಇಲ್ಲಿಲ್ಲ' ಅಂತ ಅಷ್ಟೇ ಅಂತ ಹೇಳಿದ್ರೆ ಮುಖದ ಬಣ್ಣವೇ ಬದಲಾಗುತ್ತೆ.

ಅದಕ್ಕೇ ಒಂದು ಪುಟದ ಹಾಳೆ ತಯಾರು ಮಾಡಿ ಎರಡೂ ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಅಂಟಿಸಿದ್ದೀವಿ. ತೆಗೆಯೋರಿಗೆ ಅದರಲ್ಲಿರೋ ಕ್ರಮ ಇದು: ಮೊದಲು ಬಿಟ್‌ಲಾಕರ್ ಕೀ ಬರ್ಕೊಳ್ಳಿ, ಬೇಕಾದ ಫೈಲ್‌ಗಳ ನಕಲು ತೆಗೀರಿ. ಆಮೇಲೆ ಬೂಟ್ ಆರ್ಡರಿನಲ್ಲಿ ವಿಂಡೋಸನ್ನ ಮೇಲೆ ತನ್ನಿ. ರೀಸ್ಟಾರ್ಟ್ ಮಾಡಿ, ಗ್ರಬ್ ಮೆನು ಬರದೇ ನೇರ ವಿಂಡೋಸ್ ಬಂತು ಅಂತ ಖಾತ್ರಿ ಆದ ಮೇಲೇ ಉಬುಂಟು ಪಾರ್ಟಿಷನ್ ಅಳಿಸಿ. ಸಣ್ಣ ಇಎಫ್‌ಐ ಪಾರ್ಟಿಷನ್ ತಂಟೆಗೆ ಹೋಗಬೇಡಿ. (ಖಾಲಿಯಾದ ಜಾಗ ಸಿ ಡ್ರೈವಿಗೆ ಸೇರದೇ ಇದ್ರೆ ಗಾಬರಿ ಬೇಡ. ನಡುವೆ ರಿಕವರಿ ಪಾರ್ಟಿಷನ್ ಕೂತಿರುತ್ತೆ, ಅದನ್ನ ಹೊಸ ಡ್ರೈವ್ ಮಾಡ್ಕೊಳ್ಳಿ.)

ಹಾಳೆ ನೋಡಿಯೂ ಧೈರ್ಯ ಬರಲಿಲ್ಲ ಅಂದ್ರೆ ಶನಿವಾರ ಸಂಜೆ ಸಂಘದ ರೂಮಿಗೆ ಬನ್ನಿ. ತೆಗೆಯೋರೂ ಬರಬಹುದು, ಆಗಲೇ ತೆಗೆದು ಸಿಕ್ಕಿಹಾಕ್ಕೊಂಡವರೂ ಬರಬಹುದು. ಖಾಲಿ ಇರೋ ಒಂದು 8 ಜಿಬಿ ಪೆನ್‌ಡ್ರೈವ್ ತನ್ನಿ, ಚಾರ್ಜರ್ ತನ್ನಿ. ಆಗೋದಾದ್ರೆ ಎಕ್ಸ್‌ಟೆನ್ಷನ್ ಬೋರ್ಡೂ ಒಂದು ತನ್ನಿ, ನಮ್ಮ ರೂಮಲ್ಲಿ ಕೆಲಸ ಮಾಡೋ ಪ್ಲಗ್ ಪಾಯಿಂಟ್ ಇರೋದು ಒಂದೇ.